ಎಡಗೈ

ರೆಜ್ಜೊ ಎಮಿಲಿಯಾ ಪೇಟೆಯಿಂದಾಚೆ, ಪೋ ನದಿಯ ಮಂಜು
ಬಾಗಿಲವರೆಗೂ ಬಂದು ನಿಲ್ಲುವ ಒಂದು ಉಗ್ರಾಣ.
ಸೂರಿನ ತನಕ ಮರದ ಹಲಗೆ, ಹಲಗೆ ತುಂಬ ಗಿಣ್ಣಿನ ಗಾಲಿ,
ಒಂದೊಂದೂ ಹನ್ನೆರಡರ ಹುಡುಗನ ತೂಕ.
ಇಲ್ಲಿ ಯಾರೂ ಕೊಯ್ದು ನೋಡುವುದಿಲ್ಲ.
ಕೊಯ್ದರೆ ಮುಗಿಯಿತು.
ಬಡಿದು ಕೇಳಬೇಕು.

ಎರ್ಮೆತೆ ಬಡಿಯುತ್ತಿದ್ದ, ನಲವತ್ತೊಂದು ವರ್ಷ,
ಗೇಣುದ್ದದ ಸುತ್ತಿಗೆಯಲ್ಲಿ.
ಟಕ್ ಟಕ್ ಟಕ್. ಒಳ್ಳೆಯದು.
ಟಕ್ ಟಕ್ ಟೊಕ್. ಅಲ್ಲಿ ನಿಲ್ಲುತ್ತಿದ್ದ,
ತಲೆ ಓರೆ ಮಾಡಿ, ಕಣ್ಣು ಮುಚ್ಚಿ:
"ಒಳಗೊಂದು ತೂತು, ಕಡಲೆಯಷ್ಟು,
ಅಂಚಿನಿಂದ ನಾಲ್ಕು ಬೆರಳು."
ಸೂಜಿ ಚುಚ್ಚಿದರೆ ನಾಲ್ಕೇ ಬೆರಳು.

ನಾನು ಅವನ ಹಿಂದೆ ಲೆಕ್ಕದ ಪುಸ್ತಕ ಹಿಡಿದು ನಡೆಯುವ ಹುಡುಗಿ.
ನನಗೆ ಎಲ್ಲ ಟಕ್ಕೂ ಒಂದೇ ಟಕ್ಕು.
"ಕಿವಿ ಕೊಡು" ಅನ್ನುತ್ತಿದ್ದ.
ಕೊಡುತ್ತಿದ್ದೆ. ಹಾಗೆಯೇ ವಾಪಸು ಬರುತ್ತಿತ್ತು.

ಫೆಬ್ರವರಿಯಲ್ಲಿ ಸಂಘದವರು ಎಲ್ಲರ ತಪಾಸಣೆ ಮಾಡಿಸಿದರು.
ವೈದ್ಯೆ ಕಾಗದದ ಮೇಲೆ ಒಂದು ಗೆರೆ ತೋರಿಸಿದಳು:
ತಗ್ಗು ಸ್ವರಗಳ ಹತ್ತಿರ ಸಮತಟ್ಟು,
ಆಮೇಲೆ ಏಣಿ ಜಾರಿದಂತೆ ಕೆಳಕ್ಕೆ.
"ಗುಬ್ಬಿ ಕೇಳಿಸಿ ಎಷ್ಟು ವರ್ಷವಾಯಿತು?"
ಎರ್ಮೆತೆ ನಕ್ಕ: "ಈಗ ಗುಬ್ಬಿಗಳೇ ಎಲ್ಲಿವೆ?"
ಹೊರಗೆ ಬೇಲಿಯ ಮೇಲೆ ಸಂತೆಯಾಗುವಷ್ಟಿದ್ದವು.

ಆ ಗೆರೆ ಯಾರ ಮೇಜಿಗೆ ಹೋಗಬಾರದಿತ್ತೋ ಅಲ್ಲಿಗೇ ಹೋಯಿತು.
ಕ್ಷ-ಕಿರಣದ ಯಂತ್ರ ಬಾಡಿಗೆಗೆ ಬಂತು.
ಮುನ್ನೂರು ಗಾಲಿ, ಇವನಿಗೂ ಅದಕ್ಕೂ ಪಂತ.
ಇವನು ತಪ್ಪಿದ್ದು ಎರಡು,
ಅದರಲ್ಲಿ ಒಂದು ಯಂತ್ರದ್ದೇ ತಪ್ಪೆಂದು ಕೊಯ್ದಮೇಲೆ ತಿಳಿಯಿತು.
ಹಾಗಾದರೆ ಕೇಳುತ್ತಿರುವವರು ಯಾರು?

ಆ ವಾರ ಕೊರೆಯುವ ಚಳಿ.
ನೀವೆಸ್ ಹೆಣೆದ ಉಣ್ಣೆಯ ಕೈಗವಸು ತಂದಿದ್ದ;
ಸುತ್ತಿಗೆ ಜಾರೀತೆಂದು ಬಲಗೈಗೆ ಹಾಕಲಿಲ್ಲ, ಎಡಗೈಗಷ್ಟೇ.
ಗಾಲಿಯ ಬೆನ್ನಿಗೆ ಎಡಗೈ ಆನಿಸಿ ಬಡಿದ.
ಮತ್ತೆ ಬಡಿದ. ಸುತ್ತಿಗೆಯನ್ನು ತಿರುಗಿಸಿ ನೋಡಿದ.
"ಇದು ಸತ್ತಿದೆ" ಅಂದ. ಪಕ್ಕದ್ದು. "ಇದೂ."
ಇಡೀ ಸಾಲು ಮೂಕ.
ಮೊದಲ ಸಲ ಅವನ ಮುಖ ನನ್ನ ಮುಖದಂತೆ ಕಂಡಿತು.

ನಾನೇನೂ ಅನ್ನಲಿಲ್ಲ. ಗವಸು ಎಳೆದು ತೆಗೆದೆ.
ಬಡಿದ.
ಕಿವಿಯೊಳಗೇ ಕೇಳಿಸಿತಂತೆ, ಮೊದಲಿನ ಹಾಗೆ, ಸ್ಪಷ್ಟವಾಗಿ.
ಗವಸು ಹಾಕಿದ, ತೆಗೆದ, ಹಾಕಿದ.
ಆಮೇಲೆ ತನ್ನ ಅಂಗೈಯನ್ನು ದೀಪಕ್ಕೆ ಹಿಡಿದು
ಬೇರೆಯವರ ವಸ್ತು ನೋಡುವಂತೆ ನೋಡಿದ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ.
ಅಂಗೈಯ ಕಿವಿಗೆ ಬೇಕಿತ್ತು.
ಯಾವ ಚಳಿಗಾಲ, ಯಾವ ಗಾಲಿಯ ಮೇಲೆ,
ಕಿವಿ ಕೈಬಿಟ್ಟದ್ದನ್ನು ಕೈ ಎತ್ತಿಕೊಂಡಿತೋ!
ಹೇಳಿ ಎತ್ತಿಕೊಳ್ಳಲಿಲ್ಲ.
ಬುರುಡೆಯ ಕತ್ತಲಲ್ಲಿ ಕೂತ ಗುಮಾಸ್ತ
ಹೊಸಬ ತಂದ ಓಲೆಯನ್ನು ಓದಿಕೊಂಡು
ತಂದವನ ಹೆಸರು ಮಾತ್ರ ಹಳೆಯದನ್ನೇ ಬರೆದ.

ಆ ಸಂಜೆ ಎಲ್ಲರೂ ಹೋದಮೇಲೆ ನಾನೂ ಎಡಗೈ ಆನಿಸಿ ಬಡಿದೆ.
ತಣ್ಣಗಿತ್ತು. ಟಕ್ಕು ಟಕ್ಕೇ.

ಎರಡು ದಿನ ಅವನು ಬರಲಿಲ್ಲ.
ಮೂರನೆಯ ದಿನ ಬಂದು, ಕೇಳದೆಯೇ ಹೇಳಿದ:
"ನೀವೆಸ್ ಗೊಣಗತೊಡಗಿದ್ದಾಳೆ ಅಂದುಕೊಂಡಿದ್ದೆ, ಐದಾರು ವರ್ಷದಿಂದ.
ಎದುರು ನಿಂತರೆ ಮಾತು, ಬೆನ್ನು ತಿರುಗಿಸಿದರೆ ಬರೀ ಆ, ಓ.
ಸಿಟ್ಟಿಗೆ ಒಂದು ರೇಡಿಯೋ ಒಡೆದಿದ್ದೇನೆ.
ನಿನ್ನೆ ಪಾತ್ರೆ ತೊಳೆಯುತ್ತ, ಕಿಟಕಿಯ ಕಡೆ ಮುಖ ಮಾಡಿ ಏನೋ ಅಂದಳು.
ಹೋಗಿ ಬೆನ್ನ ಮೇಲೆ ಅಂಗೈ ಇಟ್ಟೆ.
ಇನ್ನೊಮ್ಮೆ ಹೇಳು ಅಂದೆ."

"ಕೇಳಿಸಿತಾ?"

"ಗುಂಯ್ ಅಂದಿತು. ಒಳಗೆಲ್ಲೂ ಬಿರುಕಿಲ್ಲ."
ಸುತ್ತಿಗೆಯನ್ನು ಅಂಗಿಗೆ ಒರೆಸಿಕೊಂಡ.
"ಮಾತು ತಿಳಿಯಲಿಲ್ಲ. ಇತ್ತ ತಿರುಗಿ ಹೇಳಿದಳು:
ಉಪ್ಪು ಮುಗಿದಿದೆ."